ಅಂಗಡಿ ಕೋವಿಯ ಹೆಸರು

ಆ ಕೋವಿ ಮೈಲೊ ಹ್ರುಸ್ಕಾನ ಅಂಗಡಿಯ ಗೋಡೆಗೆ ಬಂದಾಗ ಅದನ್ನು ಮೊದಲು ಹೀಯಾಳಿಸಿದವನೇ ಓರಿನ್ ಟ್ವೈಟ್.

ಟೆನ್‌ಮೈಲ್ ಎಂಬ ನಮ್ಮ ಸೀಮೆಯ ಕುರಿಯವರಿಗೆಲ್ಲ ಮೈಲೊನ ಅಂಗಡಿಯೇ ಪೇಟೆ. ಕುರಿಯ ಔಷಧಿ, ಮುಳ್ಳುತಂತಿ, ಉಪ್ಪಿನ ಗಟ್ಟಿ, ರಬ್ಬರ್ ಬೂಟು, ಕೋವಿ, ಕಾಡತೂಸು ಎಲ್ಲವೂ ಅಲ್ಲೇ. ಹಿಂಭಾಗದಲ್ಲಿ ಒಂದು ಒಲೆ, ಒಲೆಯ ಮೇಲೆ ಸದಾ ಕಾಯುವ ಕಾಫಿ, ಸುತ್ತ ಐದಾರು ಮುರುಕು ಕುರ್ಚಿ. ಬೆಳಗಿನ ಮೇವು ಹಾಕಿ ಮುಗಿಸಿದವರು ಅಲ್ಲಿ ಬಂದು ಕೂರುತ್ತಿದ್ದರು. ಮಳೆ, ಉಣ್ಣೆಯ ಬೆಲೆ, ಕಯೋಟಿ, ಈ ಮೂರು ಬಿಟ್ಟರೆ ನಮಗೆ ಬೇರೆ ಮಾತಿರಲಿಲ್ಲ. ಅದರಲ್ಲೂ ಕುರಿ ಮರಿ ಹಾಕುವ ಕಾಲ ಬಂತೆಂದರೆ ಕಯೋಟಿಯ ಮಾತೊಂದೇ. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಬುದ್ಧಿಯಲ್ಲಿ ಎರಡನ್ನೂ ಮೀರಿಸಿದ್ದು. ಹುಟ್ಟಿ ಕಾಲೂರುವ ಮೊದಲೇ ಮರಿಯನ್ನು ಎತ್ತಿಕೊಂಡು ಹೋಗುತ್ತಿತ್ತು.

ಹೊಸ ಕೋವಿಯ ನಳಿಗೆ ಹೆಬ್ಬೆರಳಿಗಿಂತ ದಪ್ಪ. ಹಿಡಿಯ ಮರ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೊರೆದದ್ದು. ಕೆತ್ತನೆಯಿಲ್ಲ, ಮೆರುಗಿಲ್ಲ. ಕಯೋಟಿ, ಬಿಲ ತೋಡುವ ಅಳಿಲಿನಂಥ ಪ್ರೇರಿ ನಾಯಿ, ಇಂಥ ಸಣ್ಣ ಪೀಡೆಗಳನ್ನು ದೂರದಿಂದ ಹೊಡೆಯಲೆಂದೇ ಕಾರ್ಖಾನೆಯವರು ಅದನ್ನು ಮಾಡಿದ್ದರು. ಓರಿನ್ ಅದನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿ, "ಇದು ಕೋವಿ ಅಲ್ಲ ಮಾರಾಯ, ಬೇಲಿ ಗೂಟ. ನೆಲದಲ್ಲಿ ಹುಗಿಯೋಕೆ ಸರಿ," ಎಂದ. ಎಲ್ಲರೂ ನಕ್ಕರು. ಮೈಲೊ ಕೂಡ ನಕ್ಕ. ಅವರಿಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು.

ಓರಿನ್‌ನ ಮಾತಿಗೆ ಬೆಲೆಯಿತ್ತು. ಹರೆಯದಲ್ಲಿ ಅವನ ಗುರಿಗೆ ಎದುರಿರಲಿಲ್ಲ. ಅಪ್ಪನ ಕಾಲದ ಹಳೆಯ ಕೋವಿಯಲ್ಲೇ ಅವನು ಓಡುವ ಜಿಂಕೆಯನ್ನು ಕೆಡವಿದ್ದನ್ನು ಕಂಡವರು ಇನ್ನೂ ಇದ್ದರು. ಅವನಿಗೆ ಸರಿಸಮಾನ ಅಂತ ಹೇಳಬಹುದಾದವನು ವೆಂಡೆಲ್ ಕ್ರೋಗ್ ಒಬ್ಬನೇ. ವೆಂಡೆಲ್ ದೊಡ್ಡ ಹಿಡುವಳಿಯವನು. ರ್‍ಯಾಪಿಡ್ ಸಿಟಿಯ ಒಬ್ಬ ಕಸುಬುದಾರನ ಹತ್ತಿರ ಹೇಳಿ ಮಾಡಿಸಿದ ಕೋವಿ ಅವನದು. ಅದಕ್ಕಾಗಿ ವರ್ಷಕ್ಕೂ ಮಿಕ್ಕಿ ಕಾದಿದ್ದ. ಅಕ್ರೋಟು ಮರದ ಹಿಡಿ, ಕನ್ನಡಿಯಂಥ ಉಕ್ಕು. ಅದನ್ನು ಮಾಡಿಸಿದ ದುಡ್ಡಿಗೆ ಮೈಲೊನ ಗೋಡೆಯ ಕೋವಿ ಅರ್ಧ ಡಜನ್ ಬರುತ್ತಿತ್ತು ಎಂದು ನಾವು ಆಡಿಕೊಳ್ಳುತ್ತಿದ್ದೆವು. ಅವನು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಬೇಲಿ ಗೂಟವನ್ನು ಕೊಂಡವಳು ಓರಿನ್‌ನ ಹೆಂಡತಿ ಆರ್ಡಿಸ್. ಕೋಳಿಕಾಳು ಕೊಳ್ಳಲು ಬಂದವಳು ಗೋಡೆಯ ಹತ್ತಿರ ನಿಂತಳು. ಮೈಲೊನನ್ನು ಕೇಳಿ ಕೋವಿ ಇಳಿಸಿಕೊಂಡಳು. ಖಾಲಿಯಿದೆಯೇ ಎಂದು ನೋಡಿ, ಭುಜಕ್ಕಿಟ್ಟು, ಕಿಟಕಿಯಾಚೆಯ ನೀರಿನ ಗಾಳಿಯಂತ್ರಕ್ಕೆ ಗುರಿಯಿಟ್ಟು, ಬೆರಳಿನಿಂದ ಕೋವಿಯ ಕುದುರೆ ಎಳೆದಳು. ಇನ್ನೊಮ್ಮೆ ಎಳೆದಳು. ಆಮೇಲೆ, ಉಣ್ಣೆ ಮಾರಿ ತನ್ನ ಪಾಲಿಗೆ ಬಂದ ದುಡ್ಡಿನಲ್ಲಿ ಅದನ್ನೇ ಕೊಳ್ಳುತ್ತೇನೆ ಎಂದಳು. ಓರಿನ್‌ಗೆ ಸ್ವಲ್ಪ ಮುಖಭಂಗವಾಯಿತು. ಆದರೆ ಅವಳು ಅಪರೂಪಕ್ಕೆ ಆಸೆಪಡುವವಳು, ಬೇಡ ಎನ್ನಲಿಲ್ಲ.

ಆರ್ಡಿಸ್ ಮದುವೆಯಾಗಿ ಉತ್ತರದ ಗಡಿಯಾಚೆಯಿಂದ ಬಂದವಳು. ಮಾತು ಕಡಿಮೆ. ಅವಳಪ್ಪ ಸರ್ಕಾರದ ಸಂಬಳಕ್ಕೆ ಕಯೋಟಿ ಹಿಡಿಯುತ್ತಿದ್ದ, ಗಂಡುಮಕ್ಕಳಿಲ್ಲದ ಆ ಮನುಷ್ಯ ಈ ಮಗಳನ್ನೇ ಜೊತೆಗೆ ಕರೆದುಕೊಂಡು ಗುಡ್ಡ ಸುತ್ತುತ್ತಿದ್ದ ಎಂಬುದೆಲ್ಲ ನಮಗೆ ಗೊತ್ತಾದದ್ದು ಬಹಳ ತಡವಾಗಿ. ನಮ್ಮ ಕಡೆ ಹೆಂಗಸರು ಕೋವಿ ಹಿಡಿಯುವುದು ಹೊಸತೇನಲ್ಲ. ಆದರೆ ಓರಿನ್ ಟ್ವೈಟ್ ಇರುವ ಮನೆಯಲ್ಲಿ ಕೋವಿ ಹಿಡಿಯುವವಳು ಅವಳಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಅವಳು ಕೊಟ್ಟಿಗೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಕಾಗದ ಚುಚ್ಚಿ ಕೋವಿಯನ್ನು ಪಳಗಿಸಿದಳು. ಒಂದು ಬಗೆಯ ಕಾಡತೂಸು ಹಾಕಿದರೆ ಅದು ಕೋಳಿಗೆ ಕಾಳು ಚೆಲ್ಲಿದ ಹಾಗೆ ಗುಂಡು ಎರಚುತ್ತಿತ್ತು. ಇನ್ನೊಂದು ಬಗೆ ಪರವಾಗಿಲ್ಲ. ಮತ್ತೊಂದನ್ನು ಹಾಕಿದ ದಿನ ಗುಂಡುಗಳೆಲ್ಲ ಒಂದು ನಾಣ್ಯ ಇಟ್ಟು ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಆಮೇಲೆ ಅವಳು ಬೇರೆ ಯಾವುದನ್ನೂ ಅದರ ಬಾಯಿಗೆ ಹಾಕಲಿಲ್ಲ. ದಪ್ಪ ನಳಿಗೆ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಆರುವ ತನಕ ಕಾಯಬೇಕು. ಹಿಡಿಯ ತಿರುಪು ಸಡಿಲವಾಗಿದ್ದರೆ ಗುಂಡು ಅಲೆಯುತ್ತದೆ. ಇದನ್ನೆಲ್ಲ ಅವಳು ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಹೇಳುತ್ತಿದ್ದಳು. ಅವನೂ ಒಮ್ಮೆ ಮಲಗಿ ಹೊಡೆದು ನೋಡಿದ. ಗುಂಡು ಎಲ್ಲೆಲ್ಲೋ ಹೋಯಿತು. ಕೋವಿಯ ಮೇಲಿನ ದುರ್ಬೀನಿನ ಗಾಜಿಗೆ ಧೂಳು ಕೂತಿದೆ ಎಂದು ಅಂಗಿಯಂಚಿನಿಂದ ಒರೆಸಿದ. ಧೂಳಿದ್ದದ್ದು ಗಾಜಿನಲ್ಲಲ್ಲ. ಹಿಂದಿನ ಚಳಿಗಾಲದಿಂದ ಅವನ ಬಲಗಣ್ಣಿಗೆ ಅಂಗಳದ ದೀಪದ ಸುತ್ತ ಒಂದು ಮಂಜಿನ ಉಂಗುರ ಕಾಣುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಆ ವಸಂತದಲ್ಲಿ ಒಂದು ಕುಂಟು ಹೆಣ್ಣು ಕಯೋಟಿ ಮೂರು ಮನೆಯವರ ಮರಿಗಳನ್ನು ತಿಂದು ಕೊಬ್ಬಿತ್ತು. ಬೋನಿಗೆ ಬೀಳಲಿಲ್ಲ, ವಿಷ ಮುಟ್ಟಲಿಲ್ಲ. ವೆಂಡೆಲ್ ಎರಡು ಸಲ ಹೊಡೆದು ತಪ್ಪಿದ್ದ. ಒಂದು ಬೆಳಿಗ್ಗೆ ಓರಿನ್ ಕೊಟ್ಟಿಗೆಯಲ್ಲಿ ಒಂದು ಕುರಿಯ ಹೆರಿಗೆ ಮಾಡಿಸುತ್ತಿದ್ದಾಗ ಮೇಲಿನ ದಿಣ್ಣೆಯಿಂದ ಒಂದೇ ಒಂದು ಸದ್ದು ಕೇಳಿತು. ಕೈ ತೊಳೆದು ಹೊರಬಂದು ನೋಡಿದರೆ ಆರ್ಡಿಸ್ ಕೋವಿ ಹೆಗಲಿಗೇರಿಸಿ ಇಳಿದು ಬರುತ್ತಿದ್ದಳು. ಕಯೋಟಿ ಹಳ್ಳದ ಆಚೆ ದಡದಲ್ಲಿ ಬಿದ್ದಿತ್ತು. ನಾನೂರು ಗಜಕ್ಕೆ ಕಡಿಮೆಯಿರಲಿಲ್ಲ.

ಓರಿನ್ ಅದನ್ನು ಪಿಕಪ್ಪಿನ ಹಿಂದೆ ಹಾಕಿಕೊಂಡು ಪೇಟೆಗೆ ಬಂದ. ಆಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಹೆಂಡತಿಯ ಹೆಚ್ಚುಗಾರಿಕೆಯನ್ನು ಎಲ್ಲರೆದುರು ಹೇಳಿ ಹಿಗ್ಗಬೇಕೆಂದೇ ಹೊರಟಿದ್ದ. ಅಂಗಡಿಯೊಳಗಿದ್ದವರೆಲ್ಲ ಹೊರಗೆ ಬಂದು ಗಾಡಿಯ ಸುತ್ತ ನಿಂತರು. ಯಾವ ಕೋವಿ ಎಂದು ವೆಂಡೆಲ್ ಕೇಳಿದ. ಬೇಲಿ ಗೂಟ ಎಂದ ಓರಿನ್. ಎಷ್ಟು ದೂರ? ನಾನೂರು ಗಜ. ಎಷ್ಟು ಗುಂಡು? ಒಂದೇ. ಹೇಳಿದ್ದು ಮೂರೂ ನಿಜ. ಯಾರು ಹೊಡೆದದ್ದು ಎಂದು ಯಾರೂ ಕೇಳಲಿಲ್ಲ. ಮೈಲೊ ಅವನ ಬೆನ್ನಿಗೆ ಗುದ್ದಿ, "ಕೈ ಇನ್ನೂ ಹಂಗೇ ಇದೆಯಲ್ಲೋ ನಿಂದು," ಎಂದ. ಒಂದು ವರ್ಷದಿಂದ ಒಂದು ಮೊಲವನ್ನೂ ಹೊಡೆಯಲಾಗದೆ ಒಳಗೊಳಗೇ ಕೊರಗುತ್ತಿದ್ದವನಿಗೆ ಆ ಗುದ್ದು ಹಿತವಾಗಿ ತಾಗಿತು. ಬಾಯಿ ತೆರೆದವನು ಹಾಗೇ ಮುಚ್ಚಿದ. ಯಾರೋ ಕಾಫಿ ತಂದುಕೊಟ್ಟರು. ಕುಡಿದು ಮುಗಿಸುವ ಹೊತ್ತಿಗೆ ಹೇಳುವ ಗಳಿಗೆ ದಾಟಿಹೋಗಿತ್ತು.

ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಮೈಲೊ ಆರ್ಡಿಸ್‌ನ ಕೈ ಹಿಡಿದು, ನಿನ್ನ ಗಂಡ ನಮ್ಮೆಲ್ಲರ ಮರಿ ಉಳಿಸಿದ ಎಂದ. ಅವಳು ಗಂಡನ ಮುಖ ನೋಡಿದಳು. ಅವನು ಬೂಟಿನ ತುದಿ ನೋಡುತ್ತಿದ್ದ. ಹಿಂದಿರುಗುವಾಗ ಗಾಡಿಯಲ್ಲಿ ಅವಳು ನಕ್ಕೇಬಿಟ್ಟಳು.

"ಇರ್ಲಿ ಬಿಡು. ಮುಂದಿನ ಸಲ ಯಾರಾದ್ರೂ ಕೇಳಿದ್ರೆ ನಾನು ಹೊಡೆದಿದ್ದು ಅಂತ ಹೇಳು," ಎಂದಳು.

ಹೇಳುತ್ತೇನೆ ಎಂದ. ಹೇಳಲಿಲ್ಲ. ಅಷ್ಟೇ ಆಗಿದ್ದರೆ ಅದು ಒಂದು ಸಣ್ಣ ಸುಳ್ಳಾಗಿ ಒಣಗಿ ಉದುರಿಹೋಗುತ್ತಿತ್ತೇನೋ. ಆದರೆ ಓರಿನ್ ಅದಕ್ಕೆ ನೀರೆರೆದ. ಕಾಫಿಯ ಸುತ್ತ ಕೂತು ಅವನು ಅಂಗಡಿ ಕೋವಿಯ ವಕೀಲನಾದ. ದಪ್ಪ ನಳಿಗೆಯ ಗುಣವೇನು, ಯಾವ ಕಾಡತೂಸು ಅದಕ್ಕೆ ಒಗ್ಗುತ್ತದೆ, ತಿರುಪು ಎಷ್ಟು ಬಿಗಿಯಿರಬೇಕು, ಎಲ್ಲವನ್ನೂ ಬಿಡಿಸಿ ಹೇಳಿದ. ಸಾವಿರಾರು ಸುರಿದು ಮಾಡಿಸಿದ ಕೋವಿಗೂ ಇದಕ್ಕೂ ಕಾಗದದ ಮೇಲೆ ಕೂದಲೆಳೆಯ ಅಂತರ, ಕಯೋಟಿಗೆ ಆ ಕೂದಲೆಳೆ ಕಾಣುವುದಿಲ್ಲ ಎಂದ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಹೆಂಡತಿ ಊಟದ ಮೇಜಿನಲ್ಲಿ ಆಡಿದ ಮಾತುಗಳೇ ಅವು, ಅದೇ ಕ್ರಮದಲ್ಲಿ. ಮೈಲೊ ಕಾರ್ಖಾನೆಗೆ ಬರೆದು ಇನ್ನಷ್ಟು ಕೋವಿ ತರಿಸಿ ಗೋಡೆಯುದ್ದ ಸಾಲಾಗಿ ತೂಗುಹಾಕಿದ. ಕೆಲವರು ಕೊಂಡರು. ಕೊಂಡವರು ಓರಿನ್‌ನನ್ನು ಕೇಳಿಯೇ ಕೊಂಡರು.

ಮರುವರ್ಷ ಜೂನ್‌ನಲ್ಲಿ ಊರಿನ ಬೆಂಕಿ ಆರಿಸುವ ಗಾಡಿಗೆ ಹೊಸ ರಬ್ಬರ್ ಕೊಳವೆ ಕೊಳ್ಳುವ ದುಡ್ಡು ಕೂಡಿಸಲು ಗುರಿಹೊಡೆತದ ಪಂದ್ಯ ಇಟ್ಟರು. ವೆಂಡೆಲ್‌ನ ಹುಲ್ಲುಗಾವಲಿನಲ್ಲಿ ಮುನ್ನೂರು ಗಜಕ್ಕೆ ಕಾಗದ ನೆಟ್ಟಿದ್ದರು. ಮಾಡಿಸಿದ ಕೋವಿ ಮೇಲೋ ಅಂಗಡಿ ಕೋವಿ ಮೇಲೋ ಎಂದು ತೀರ್ಮಾನವಾಗಿಬಿಡಲಿ ಎಂದು ವೆಂಡೆಲ್ ವಾರದಿಂದ ಕೆಣಕುತ್ತಿದ್ದ. ಓರಿನ್ ಆಗಲಿ ಎಂದುಬಿಟ್ಟಿದ್ದ.

ಆ ಬೆಳಿಗ್ಗೆ ಆರ್ಡಿಸ್ ಹುಳಿದಂಟು ತುಂಬಿ ಬೇಯಿಸಿದ ಪೈಗಳನ್ನು ಬುಟ್ಟಿಗೆ ಜೋಡಿಸುತ್ತ, ತಲೆಯೆತ್ತದೆ, "ನಿನ್ನ ಕಣ್ಣು ಮಸುಕಾಗಿದೆ ಅಂತ ನಂಗೆ ಗೊತ್ತು. ಕಣ್ಣು ಸರಿಯಿಲ್ಲ ಅಂತ ಹೇಳಿ ಕೂತ್ಕೋ. ಯಾರೂ ಏನೂ ಅನ್ಕೊಳಲ್ಲ," ಎಂದಳು.

"ಎಂಥ ಕಣ್ಣು? ನಂಗೇನಾಗಿದೆ?" ಎಂದು ಅವನು ಕೋವಿ ಎತ್ತಿಕೊಂಡು ಹೊರಗೆ ನಡೆದ.

ಊರೆಲ್ಲ ನೆರೆದಿತ್ತು. ಮಕ್ಕಳು ಸಾಸಿವೆ ಸುರಿದ ಸಾಸೇಜು ತಿನ್ನುತ್ತ ಓಡಾಡುತ್ತಿದ್ದರು. ವೆಂಡೆಲ್ ಮೊದಲು ಮಲಗಿದ. ಅವನ ಐದು ಗುಂಡುಗಳನ್ನು ಒಂದು ಮೊಟ್ಟೆ ಇಟ್ಟು ಮುಚ್ಚಬಹುದಿತ್ತು. ಆಮೇಲೆ ಓರಿನ್ ಮಲಗಿದ. ಗುಂಡು ತಾಗಿದ್ದನ್ನು ಕೂಗಿ ಹೇಳಲು ದುರ್ಬೀನು ಹಿಡಿದು ನಿಂತಿದ್ದವನು ಮೊದಲ ಗುಂಡಿಗೆ ಏನೂ ಹೇಳಲಿಲ್ಲ. ಎರಡನೆಯದಕ್ಕೂ ಹೇಳಲಿಲ್ಲ. ಓರಿನ್ ಗಾಜು ಒರೆಸಿದ, ಕಣ್ಣುಜ್ಜಿದ, ಮತ್ತೆ ಹೊಡೆದ. ಕಾಗದ ತಂದು ನೋಡಿದರೆ ಎರಡು ಗುಂಡು ಅಂಚನ್ನು ಹರಿದಿದ್ದವು. ಮಿಕ್ಕವು ಕಾಗದಕ್ಕೇ ತಾಗಿರಲಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಆ ಮೌನದಲ್ಲಿ ಎಲ್ಲರ ಕಣ್ಣೂ ತನ್ನ ಕೈಯ ಮೇಲಿದೆ ಅನಿಸಿ ಓರಿನ್‌ಗೆ ಕಿವಿಯೆಲ್ಲ ಬಿಸಿಯಾಯಿತು. ಎದ್ದು ನಿಂತು, ಕೋವಿಯನ್ನು ತೆರೆದು, ನಳಿಗೆಯೊಳಗೆ ಇಣುಕುವವನಂತೆ ನಟಿಸಿದ.

"ನಳಿಗೆ ಕೆಟ್ಟುಹೋಗಿದೆ," ಎಂದ. "ಒಂದು ವರ್ಷಕ್ಕೇ ಹಾಳಾಯ್ತು. ಕಾರ್ಖಾನೆ ಮಾಲು ಅಂದ್ರೆ ಇಷ್ಟೇ ನೋಡಿ. ಮೈಲೊ, ಎಂಥ ಕಸ ಮಾರಿದ್ಯೋ ನಂಗೆ?"

ಮೈಲೊ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದ. ಅವನ ಮುಖ ಬೋಳುತಲೆಯ ತನಕ ಕೆಂಪೇರಿತು. "ಬೇಲಿ ಗೂಟ ಅಂತ ಮೊದಲೇ ಅಂದಿದ್ಯಲ್ಲೋ ನೀನು," ಎಂದು ವೆಂಡೆಲ್ ಹೇಳಿದ. ಆಗ ಎಲ್ಲರೂ ನಕ್ಕರು, ಹಗುರಾದರು. ಓರಿನ್ ಕೂಡ ನಕ್ಕ. ಹೆಂಗಸರ ಮೇಜಿನ ಹಿಂದೆ ಪೈ ಕೊಯ್ಯುತ್ತಿದ್ದ ಆರ್ಡಿಸ್‌ನ ಚಾಕು ಒಂದು ಕ್ಷಣ ನಿಂತದ್ದನ್ನು ಅವನು ಕಂಡ. ಮತ್ತೆ ಅದು ಕೊಯ್ಯತೊಡಗಿತು.

ಸಂಜೆ ಮೈಲೊನ ಗಾಡಿ ಟ್ವೈಟ್‌ರ ಅಂಗಳಕ್ಕೆ ಬಂತು. ಜಗಳಕ್ಕೆ ಬಂದಿರಬೇಕೆಂದು ಓರಿನ್ ಅಂದುಕೊಂಡ; ಜಗಳವಾಡಿದರೆ ತಾನೂ ನಾಲ್ಕು ಮಾತು ಆಡಬಹುದೆಂದು ಮನಸ್ಸು ಗಟ್ಟಿ ಮಾಡಿಕೊಂಡ. ಮೈಲೊ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಆರ್ಡಿಸ್, ನಿನ್ನ ದುಡ್ಡಲ್ಲಿ ಕೊಂಡಿದ್ದು ಅದು. ಕೆಟ್ಟ ಮಾಲು ಕೊಟ್ಟೆ ಕಣಮ್ಮ, ತಪ್ಪಾಯ್ತು. ಕೊಡು, ಕಾರ್ಖಾನೆಗೆ ಕಳಿಸ್ತೀನಿ. ಅವರು ಬೇರೆ ಕೊಡದೆ ಹೋದ್ರೆ ನಾನೇ ಕೊಡ್ತೀನಿ," ಎಂದ.

ಆರ್ಡಿಸ್ ಗಂಡನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಅವನು ಒಲೆಯ ಮೇಲಿನ ಕಾಫಿ ಪಾತ್ರೆಯನ್ನು ಎತ್ತಿ ಮತ್ತೆ ಅದೇ ಜಾಗದಲ್ಲಿಟ್ಟ. ಅವಳು ಒಳಗೆ ಹೋಗಿ ಕೋವಿ ತಂದಳು. ಮೈಲೊನ ಕೈಗೆ ಕೊಡುವ ಮೊದಲು ಅದರ ನಳಿಗೆಯನ್ನು ಎಣ್ಣೆಬಟ್ಟೆಯಿಂದ ಒಮ್ಮೆ ಒರೆಸಿದಳು. ಮೈಲೊ ಅದನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಮಲಗಿಸುವ ಹಾಗೆ ಸೀಟಿನ ಮೇಲಿಟ್ಟು, ಹೊರಟುಹೋದ.

ಗಾಡಿಯ ಧೂಳು ಅಡಗುವ ತನಕ ಅವಳು ಬಾಗಿಲಲ್ಲೇ ನಿಂತಿದ್ದಳು.

"ನನ್ನ ಹೆಸರು ನೀನು ತಗೊಂಡೆ. ಹೋಗ್ಲಿ, ನಂಗೆ ಅದರಿಂದ ಏನೂ ಆಗಬೇಕಾಗಿರ್ಲಿಲ್ಲ," ಎಂದಳು. "ಆ ಕೋವಿ ನಿಂಗೆ ಏನ್ ಮಾಡಿತ್ತು? ಮೈಲೊ ಏನ್ ಮಾಡಿದ್ದ?"

ಓರಿನ್ ಹೊರಗೆ ಹೋಗಿ ಕೊಟ್ಟಿಗೆಯಲ್ಲಿ ಕೂತ. ಕುರಿಗಳು ಬಂದು ಅವನ ಕೈ ಮೂಸಿದವು. ಬಾಲ್ಯದಲ್ಲಿ ಒಮ್ಮೆ ಇಗರ್ಜಿಯ ಕಿಟಕಿಯ ಗಾಜು ಒಡೆದು ಮೈಲೊನ ಮೇಲೆ ಹಾಕಿದ್ದೂ, ಮೈಲೊ ಏಟು ತಿಂದು ಸುಮ್ಮನಿದ್ದದ್ದೂ ನೆನಪಾಯಿತು. ಆಗ ಹತ್ತು ವರ್ಷ ವಯಸ್ಸು. ಈಗ ಅರವತ್ತು ದಾಟಿದೆ. ಬೈಸಿಕೊಂಡಿದ್ದರೆ, ಹೊಡೆಸಿಕೊಂಡಿದ್ದರೆ ಅದು ಒಂದು ಬಗೆ. ತಪ್ಪಾಯ್ತು ಎಂದು ಎದುರು ನಿಂತವನ ಬೋಳುತಲೆ ಮಾತ್ರ ಅವನ ಕಣ್ಣಿಂದ ಮರೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋದಾಗ ಕುರ್ಚಿಗಳೆಲ್ಲ ತುಂಬಿದ್ದವು. ನಾನೂ ಇದ್ದೆ. ಗೋಡೆಯ ಕೋವಿಗಳ ಸಾಲಿಗೆ ಒಬ್ಬ ತಾನು ಕೊಂಡು ಒಯ್ದದ್ದನ್ನು ಹಿಂದಕ್ಕೆ ತಂದು ಸೇರಿಸಿದ್ದ. ಇನ್ನೊಬ್ಬ ತನ್ನದನ್ನು ಹಿಂದಿನ ಸಂಜೆಯೇ ಬೆಲ್ ಫೂಶ್ ಪೇಟೆಗೆ ಒಯ್ದು ಸಿಕ್ಕಿದ ಬೆಲೆಗೆ ಕೊಟ್ಟು ಬಂದಿದ್ದೇನೆಂದು ಹೇಳುತ್ತಿದ್ದ. ಓರಿನ್ ಕೂರಲಿಲ್ಲ. ಟೊಪ್ಪಿ ತೆಗೆಯದೆ ನಿಂತೇ ಹೇಳಿದ. ಕಳೆದ ವರ್ಷದ ಕಯೋಟಿಯನ್ನು ಹೊಡೆದದ್ದು ತಾನಲ್ಲ, ಆರ್ಡಿಸ್. ಕೋವಿಗೆ ಏನೂ ಆಗಿಲ್ಲ. ಕೆಟ್ಟದ್ದು ತನ್ನ ಕಣ್ಣು. ಅಷ್ಟು ಹೇಳಲು ಅವನು ಪಟ್ಟ ಪಾಡು ನೋಡಲಾರದೆ ನಾನು ನೆಲ ನೋಡಿದೆ.

ಆದರೆ ಯಾರೂ ನಂಬಲಿಲ್ಲ.

ವೆಂಡೆಲ್ ಕಾಲು ಚಾಚಿ ಕೂತು, "ಸ್ನೇಹ ಅಂದ್ರೆ ಇದು," ಎಂದ. "ಮೈಲೊನ ಮಾಲು ಗೋಡೆ ಮೇಲೆ ಉಳಿದುಬಿಡುತ್ತೆ ಅಂತ ಹೆಂಡ್ತಿ ಸೆರಗು ಹಿಡ್ಕೊಂಡ್ಯಾ? ನಾನೂರು ಗಜಕ್ಕೆ ಆರ್ಡಿಸ್ ಹೊಡೆದ್ಲು ಅಂತೀಯ. ನಾಳೆ ಕುರಿ ಹೊಡೀತು ಅಂತೀಯ."

ಎಲ್ಲರೂ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು. ತಪ್ಪೊಪ್ಪಿಕೊಂಡರೆ ಎಲ್ಲರೂ ಛೀ ಅನ್ನುತ್ತಾರೆ, ಅನ್ನಿಸಿಕೊಂಡು ಮುಗಿಸಿಬಿಡೋಣ ಎಂದು ಬಂದಿದ್ದ ಓರಿನ್‌ಗೆ ಹೊಗಳಿಕೆ ಸಿಕ್ಕಿತು. ಗೆಳೆಯನಿಗಾಗಿ ಸುಳ್ಳು ಹೇಳುವ ದೊಡ್ಡ ಮನುಷ್ಯನಾಗಿ ಅವನು ಅಲ್ಲಿ ನಿಂತಿದ್ದ.

ಮೈಲೊ ಮಾತ್ರ ನಗಲಿಲ್ಲ. ಅವನನ್ನು ಮೂಟೆಗಳ ಕೋಣೆಗೆ ಕರೆದುಕೊಂಡು ಹೋಗಿ, ಕಂಬಳಿ ಸುತ್ತಿದ ಕೋವಿಯನ್ನು ಕೈಗೆ ಕೊಟ್ಟ.

"ಕಾಡತೂಸು ಯಾವಾಗ್ಲೂ ಅವಳೇ ಬಂದು ಒಯ್ತಿದ್ಲು. ನೀನು ಹೇಳಿ ಕಳಿಸ್ತೀಯ ಅಂದ್ಕೊಂಡಿದ್ದೆ," ಎಂದ. ಒಂದು ಮೂಟೆಯನ್ನು ಗೋಡೆಗೆ ಸರಿಸಿ, "ನಿನ್ನೆ ಸಂಜೆ ನಾನು ನಿಮ್ಮನೆ ಬಾಗ್ಲಲ್ಲಿ ನಿಂತಿದ್ದೆನಲ್ಲ ಓರಿನ್. ಆವಾಗ ಹೇಳಬಹುದಿತ್ತು," ಎಂದ.

ಓರಿನ್ ಕೋವಿಯೊಂದಿಗೆ ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಎಲ್ಲರ ಎದುರು ಒಮ್ಮೆ ಹೊಡೆದು ತೋರಿಸು, ಮೈಲೊನ ಮಾಲಿನ ಹೆಸರು ಉಳಿಯುತ್ತದೆ ಎಂದು ಬೇಡಿಕೊಂಡ. ಅವಳು ಒಪ್ಪಲಿಲ್ಲ. ಸರ್ಕಸ್ಸಿನವಳಲ್ಲ ನಾನು ಎಂದಳು. ನೀನು ಹಾಕಿದ ಗಂಟು, ನಾನು ಯಾಕೆ ಬಿಚ್ಚಲಿ ಎಂದಳು. ಆಮೇಲೆ ಮೈಲೊನ ಅಂಗಡಿಗೆ ಅವಳೊಬ್ಬಳೇ ಹೋಗಿ ಏನೋ ಮಾತಾಡಿ ಬಂದಳು. ಅದೇನೆಂದು ಓರಿನ್ ಕೇಳಲಿಲ್ಲ, ಅವಳು ಹೇಳಲಿಲ್ಲ.

ಆ ಬೇಸಿಗೆ ಓರಿನ್ ಕಾಫಿಗೆ ಬರುವುದನ್ನು ಬಿಟ್ಟ. ಬೇಕಾದದ್ದನ್ನು ಕೊಂಡು ಹಾಗೇ ಹೊರಟುಬಿಡುತ್ತಿದ್ದ. ಬಾಗಿಲು ದಾಟುವಾಗ ಗೋಡೆಯ ಕಡೆ ನೋಡುತ್ತಿರಲಿಲ್ಲ. ಮೈಲೊ ಬೆಲೆ ಇಳಿಸಿದ್ದ. ಆದರೂ ಸಾಲು ಕರಗಲಿಲ್ಲ. ದಾರಿಯಲ್ಲಿ ಸಿಕ್ಕವರು ಮೊದಲಿನಂತೆಯೇ ಟೊಪ್ಪಿ ಮುಟ್ಟುತ್ತಿದ್ದರು. ಅದೇ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಸುಳ್ಳು ಹೇಳಿದಾಗ ಎಲ್ಲರೂ ನಂಬಿದರು, ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ ಎಂದು ಅವನು ಒಮ್ಮೆ ನನ್ನ ಹತ್ತಿರ ಹೇಳಿಕೊಂಡ. ನನಗೂ ನಂಬಿಕೆ ಬಂದಿರಲಿಲ್ಲ. ಅದನ್ನು ಅವನಿಗೆ ಹೇಳುವ ಧೈರ್ಯವಾಗಲಿಲ್ಲ.

ಆಗಸ್ಟ್‌ನಲ್ಲಿ ವೆಂಡೆಲ್‌ನ ಹಿಂಡಿಗೆ ಕಯೋಟಿ ಬಿತ್ತು. ಗಂಡು ಹೆಣ್ಣು ಜೋಡಿ. ತಮ್ಮ ಮರಿಗಳಿಗೆ ಬೇಟೆ ಕಲಿಸುತ್ತಿದ್ದವು. ತಿನ್ನುವುದಕ್ಕಿಂತ ಹೆಚ್ಚು ಕೊಲ್ಲುತ್ತಿದ್ದವು. ವೆಂಡೆಲ್‌ನ ಗಾಡಿಯ ಸದ್ದು ಅವಕ್ಕೆ ಗುರುತಾಗಿತ್ತು. ಎಂಜಿನ್ ಕೇಳಿದರೆ ಸಾಕು, ಕಣಿವೆಯಲ್ಲಿ ಮಾಯ. ಅವನು ಓರಿನ್‌ನ ಅಂಗಳಕ್ಕೆ ಬಂದು, ಇಬ್ಬರೂ ಎರಡು ಕಡೆಯಿಂದ ಕಾದರೆ ಸಿಕ್ಕಾವು, ನಿನ್ನ ಗಾಡಿಯಲ್ಲಿ ಬಾ, ಕೋವಿ ಬೇಕಾದರೆ ನನ್ನ ಹಳೆಯದೊಂದನ್ನು ಕೊಡುತ್ತೇನೆ ಎಂದ.

"ಬರ್ತೀನಿ. ಆದ್ರೆ ಹೊಡೆಯೋಕಲ್ಲ," ಎಂದ ಓರಿನ್. "ಎದುರಿಗೆ ನಿಂತಿರೋ ನಿನ್ನ ಮುಖವೇ ಈ ಕಣ್ಣಿಗೆ ಸರಿಯಾಗಿ ಕಾಣಲ್ಲ ವೆಂಡೆಲ್. ಹೊಡೆಯೋಳು ಒಳಗಿದಾಳೆ. ಬರೋ ಹಂಗಿದ್ರೆ ಅವಳನ್ನೇ ಕೇಳು. ನಾನು ಕೇಳಿದ್ರೆ ಬರಲ್ಲ."

ವೆಂಡೆಲ್ ನಗಲು ಹೋದವನು ಅವನ ಮುಖ ನೋಡಿ ನಿಲ್ಲಿಸಿದ. ಟೊಪ್ಪಿ ತೆಗೆದು ಒಳಗೆ ಹೋಗಿ ಕೇಳಿದ. ಎಷ್ಟು ಕುರಿಮರಿ ಹೋಯಿತು ಎಂದಷ್ಟೇ ಆರ್ಡಿಸ್ ಕೇಳಿದಳು. ಕೇಳಿಸಿಕೊಂಡು, ಬೆಳಗಿನ ಜಾವಕ್ಕೆ ಬರುತ್ತೇನೆ ಎಂದಳು. ಪಂದ್ಯಕ್ಕಲ್ಲ, ಮರಿಗಳಿಗೆ.

ಮೂವರೂ ಗಾಡಿಯನ್ನು ದೂರದಲ್ಲೇ ಬಿಟ್ಟು, ಇಬ್ಬನಿ ನೆನೆದ ಹುಲ್ಲಿನಲ್ಲಿ ನಡೆದು ದಿಣ್ಣೆಯ ಮೇಲೆ ಮಲಗಿದರು. ವೆಂಡೆಲ್ ತನ್ನ ಕೋವಿಯೊಂದಿಗೆ ಒಂದು ಪಕ್ಕ, ಆರ್ಡಿಸ್ ನಡುವೆ, ಓರಿನ್ ಸ್ವಲ್ಪ ಹಿಂದೆ. ಅವಳು ಕೋಟು ಸುತ್ತಿ ನಳಿಗೆಯ ಕೆಳಗಿಟ್ಟುಕೊಂಡಳು. ಬೆಳಕು ಹರಿದಾಗ ಎದುರು ಇಳಿಜಾರಿನಲ್ಲಿ ಕುರಿಗಳು ಎದ್ದು ನಿಂತವು. ಅವು ಒಂದೇ ಕಡೆ ತಿರುಗಿ ನೋಡಿದ್ದನ್ನು ಮೊದಲು ಕಂಡವಳು ಅವಳು. ಒಣಹಳ್ಳದಿಂದ ಗಂಡು ಕಯೋಟಿ ಮೇಲೆ ಬಂತು.

ವೆಂಡೆಲ್ ಪಿಸುಗುಟ್ಟಿ ನೀನೇ ಹೊಡಿ ಎಂದ. ಪರೀಕ್ಷೆಗೆ ಹಾಗೆಂದನೋ ಮರ್ಯಾದೆಗೋ, ಅವನಿಗೇ ಗೊತ್ತಿರಲಿಲ್ಲ. ಆರ್ಡಿಸ್ ಗಾಳಿಗೆ ಹುಲ್ಲಿನ ತುದಿ ಬಾಗುವುದನ್ನು ನೋಡಿದಳು. ಇಲ್ಲಿ ಬಾಗಿದ್ದನ್ನಲ್ಲ, ಹಳ್ಳದಾಚೆ ಬಾಗಿದ್ದನ್ನು. ಕಯೋಟಿ ನಿಂತು ತಲೆಯೆತ್ತಿತು. ಗುಂಡು ಹಾರಿತು. ಅದು ನಿಂತಲ್ಲೇ ಕುಸಿಯಿತು, ಒಂದು ಹೆಜ್ಜೆಯೂ ಇಡಲಿಲ್ಲ. ಹೆಣ್ಣು ಹಳ್ಳದಿಂದ ಚಿಮ್ಮಿ ಗುಡ್ಡ ಹತ್ತಿ ಓಡಿತು. ವೆಂಡೆಲ್ ಹೊಡೆದ, ತಪ್ಪಿತು. ನೆತ್ತಿಯ ಮೇಲೆ ಅದು ಒಂದು ಗಳಿಗೆ ನಿಂತು ಹಿಂದೆ ನೋಡಿತು. ಆರ್ಡಿಸ್ ಕುದುರೆಯ ಮೇಲೆ ಬೆರಳಿಟ್ಟಿದ್ದಳು, ಎಳೆಯಲಿಲ್ಲ. ದೂರ ಹೆಚ್ಚಾಯಿತು, ಗಾಯ ಮಾಡಿ ಬಿಡಬಾರದು ಎಂದಳು.

ಓರಿನ್ ಇದೆಲ್ಲವನ್ನೂ ಕಂಡದ್ದು ಮಬ್ಬಾಗಿ. ಕುಸಿದದ್ದು ಕಯೋಟಿಯೋ ಕಲ್ಲೋ ಎಂದು ಅವನಿಗೆ ತಿಳಿಯಲಿಲ್ಲ. ವೆಂಡೆಲ್ ಎದ್ದು ಕೂತು, ತನ್ನ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ಸುಮ್ಮನಾದದ್ದರಿಂದ ತಿಳಿಯಿತು.

"ನಿಂದೂ ಒಳ್ಳೆ ಕೋವಿನೇ," ಎಂದು ಆರ್ಡಿಸ್ ಅವನಿಗೆ ಹೇಳಿದಳು. "ಗಂಡು ನಿನ್ನ ಕಡೆ ಬಂದಿದ್ರೆ ಅದೂ ಬೀಳಿಸ್ತಿತ್ತು. ಆದ್ರೆ ಇದು ಕಡಿಮೆಯೇನಲ್ಲ. ಅದನ್ನ ಅಂಗಡೀಲಿ ಹೇಳು. ನನ್ನ ವಿಷ್ಯ ಹೇಳ್ದೆ ಇದ್ರೂ ನಡೆಯುತ್ತೆ."

ವೆಂಡೆಲ್ ಎರಡನ್ನೂ ಹೇಳಿದ. ಸುಳ್ಳು ಸೇರಿಸದೆ, ತನ್ನ ಗುಂಡು ತಪ್ಪಿದ್ದನ್ನೂ ಬಿಡದೆ. ಹೇಳಿ ಮುಗಿಸಿ ಮೈಲೊನ ಕಡೆ ತಿರುಗಿ, ಅಳಿಯನಿಗೊಂದು ಬೇಕು, ಆ ಸಾಲಿನಲ್ಲಿ ಕೊನೆಯದನ್ನು ಇಳಿಸು ಎಂದ. ಓರಿನ್ ಅಂದು ಬಾಗಿಲ ಹತ್ತಿರ ನಿಂತಿದ್ದ. ಕೂತವರು ಒಬ್ಬೊಬ್ಬರಾಗಿ ಅವನತ್ತ ತಿರುಗಿದರು. ಅವನು ಜೂನ್‌ನಲ್ಲಿ ಹೇಳಿದ್ದು ನಿಜವೆಂದು ಆಗ ನಮಗೆ ಅರ್ಥವಾಯಿತು. ಹಾಗೆಂದರೆ ಅದಕ್ಕೂ ಹಿಂದಿನ ಒಂದು ವರ್ಷ ಅವನು ಕಾಫಿಯ ಸುತ್ತ ಕೂತು ಆಡಿದ್ದೇನು ಎಂಬುದೂ ಅರ್ಥವಾಯಿತು. ಈ ಸಲ ಯಾರೂ ನಗಲಿಲ್ಲ. ಬೆಲ್ ಫೂಶ್‌ನಲ್ಲಿ ಕೋವಿ ಮಾರಿ ಬಂದವನು ಎದ್ದು ಅವನನ್ನು ಹಾದು ಹೊರಗೆ ಹೋದ. ಓರಿನ್ ಅದನ್ನು ತಲೆತಗ್ಗಿಸದೆ ನಿಂತು ಅನುಭವಿಸಿದ. ಜೂನ್‌ನಲ್ಲಿ ತಾನು ಕೇಳಿ ಬಂದದ್ದು ಇದನ್ನೇ ಎಂದು ಅವನಿಗೆ ಗೊತ್ತಿತ್ತು. ಕೇಳಿದ್ದು ಕೊನೆಗೆ ಸಿಕ್ಕಿತು, ಅಷ್ಟೇ.

ಚಳಿ ಬೀಳುವ ಮೊದಲು ರ್‍ಯಾಪಿಡ್ ಸಿಟಿಯಲ್ಲಿ ಅವನ ಕಣ್ಣಿನ ಪೊರೆ ತೆಗೆದರು. ಅಂಗಳದ ದೀಪ ಮತ್ತೆ ಬರೀ ದೀಪವಾಯಿತು. ಮೈಲೊನ ಸಾಲು ನಿಧಾನವಾಗಿ ಕರಗಿತು. ಮೈಲೊ ಅವನಿಗೆ ಕಾಫಿ ಬಗ್ಗಿಸಿ ಕೊಡುತ್ತಾನೆ, ಕುರಿಗಳ ಕ್ಷೇಮ ಕೇಳುತ್ತಾನೆ. ಆದರೆ ಹೊಸ ಮಾಲು ಬಂದಾಗ, ನೋಡೋ ಹೆಂಗಿದೆ ಎಂದು ಮೊದಲಿನ ಹಾಗೆ ಅವನ ಕೈಗೆ ಕೊಡುವುದಿಲ್ಲ. ಕೊಡಲಿ ಎಂದು ಓರಿನ್ ಕಾಯುವುದೂ ಇಲ್ಲ.

ಹಿಂಡಿಗೆ ಕಯೋಟಿ ಬಿತ್ತೆಂದು ಯಾರಾದರೂ ಈಗ ಫೋನ್ ಮಾಡಿದರೆ ಎತ್ತುವವನು ಅವನು. ಆರ್ಡಿಸ್ ಇದ್ದಾಳಾ ಎಂದು ಕೇಳುತ್ತಾರೆ. ಇದ್ದಾಳೆ ಎಂದು ಹೇಳಿ ಕರೆಯುತ್ತಾನೆ. ಗಾಡಿ ಓಡಿಸುವವಳು ಅವಳು. ನಮ್ಮ ಕಡೆ ಓಡಿಸುವವರ ಪಕ್ಕ ಕೂತವರು ಇಳಿದು ಗೇಟು ತೆರೆಯಬೇಕು. ವೆಂಡೆಲ್‌ನ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ ತಂತಿಯ ಗೇಟುಗಳು ಬಿಗಿ. ಕಂಬವನ್ನು ಹೆಗಲಿನಿಂದ ಒತ್ತಿ ಹಿಡಿದರೆ ಮಾತ್ರ ಕುಣಿಕೆ ಕಳಚುತ್ತದೆ. ಓರಿನ್ ಇಳಿದು ಒತ್ತುತ್ತಾನೆ, ತೆರೆಯುತ್ತಾನೆ, ಅವಳು ದಾಟಿದ ಮೇಲೆ ಮತ್ತೆ ಎಳೆದು ಮುಚ್ಚುತ್ತಾನೆ. ಮುಳ್ಳು ತಾಗಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾನೆ. ಅವಳು ಗೇರು ಹಾಕುತ್ತಾಳೆ.